ಕಲ್ಲಿನ ಧೂಳು

ಅಡಿಗೆಮನೆಯ ಹೊಳೆಯುವ ಗ್ರಾನೈಟ್ ಕಟ್ಟೆಯನ್ನು ಒರೆಸುವ ಗೃಹಿಣಿಗೆ ಆ ಕಲ್ಲು ಯಾವ ನೆಲದ್ದೆಂಬುದು ತಿಳಿದಿರಲಾರದು. ಅಂಥ ಕಲ್ಲು ದೊರೆಯುವ ಸೀಮೆಗಳಲ್ಲಿ ರಾಮನಗರ, ಕನಕಪುರಗಳದೂ ಒಂದು. ಸುಮಾರು 250 ಕೋಟಿ ವರ್ಷ ಪ್ರಾಚೀನವಾದ ಇಲ್ಲಿಯ ಶಿಲೆಗೆ ಭೂವಿಜ್ಞಾನಿಗಳಿಟ್ಟ ಹೆಸರು ‘ಕ್ಲೋಸ್‌ಪೇಟೆ ಗ್ರಾನೈಟ್’. ಕ್ಲೋಸ್‌ಪೇಟೆಯೆಂಬುದು ರಾಮನಗರದ ಹಳೆಯ ಹೆಸರು. ಕೋಡಿಹಳ್ಳಿಯೇ ಮೊದಲಾದ ಕನಕಪುರ ತಾಲ್ಲೂಕಿನ ಊರುಗಳ ಕಡೆ ಬಂಡೆಯನ್ನು ಕೊರೆದು ಸಿಡಿಸುವಾಗ, ಯಂತ್ರದಲ್ಲಿ ಜಲ್ಲಿಯಾಗಿಸುವಾಗ, ಏಳುವ ಧೂಳು ಗಣಿಯ ಎಲ್ಲೆಯೊಳಗೇ ನಿಲ್ಲುವುದಿಲ್ಲ. ಗಣಿಯ ಕೂಲಿಕಾರರಷ್ಟು ಅಲ್ಲದಿದ್ದರೂ, ಲಾರಿಗಳ ದಾರಿಯಲ್ಲಿ ವಾಸಿಸುವವರ ಮಕ್ಕಳು ಉಸಿರಾಡುವುದೂ ಅದೇ ಗಾಳಿಯನ್ನೇ.

ಕಣ್ಣಿಗೆ ಕಾಣುವ ಧೂಳನ್ನು ಮೂಗು, ಗಂಟಲುಗಳು ಬಹುಮಟ್ಟಿಗೆ ತಡೆಯುತ್ತವೆ. ಕೂದಲೆಳೆಯ ದಪ್ಪದ ಹತ್ತನೆಯ ಒಂದಂಶಕ್ಕಿಂತಲೂ ಕಿರಿದಾದ ಬೆಣಚುಕಲ್ಲಿನ ಕಣವಾದರೋ ಶ್ವಾಸಕೋಶದ ಗಾಳಿಚೀಲಗಳವರೆಗೂ ಇಳಿಯುತ್ತದೆ. ಅದನ್ನು ನುಂಗಿದ ರಕ್ಷಕ ಜೀವಕೋಶ ತಾನೇ ಸಾಯುತ್ತದೆ. ಗಾಯದ ಕಲೆಯಂತೆ ನಾರು ಬೆಳೆದು, ಮೃದುವಾದ ಶ್ವಾಸಕೋಶ ಗಡಸಾಗುತ್ತದೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ 10-20 ವರ್ಷ ಏನೂ ತೋರದು. ಆಮೇಲೆ ದಿಣ್ಣೆ ಹತ್ತುವಾಗ ಏದುಸಿರು. ವಯಸ್ಸಾಯಿತೆಂದು ಮನೆಯವರ ಸಮಾಧಾನ. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಲ್ಲದು, ಗುಣಪಡಿಸುವ ಔಷಧವಿಲ್ಲ. ಇಂಥ ಶ್ವಾಸಕೋಶಕ್ಕೆ ಕ್ಷಯ ಸುಲಭವಾಗಿ ತಗಲುತ್ತದೆ. ಎಲ್ಲವನ್ನೂ ಬರಿಯ ಕ್ಷಯವೆಂದು ಭಾವಿಸುವ ಪ್ರಮಾದವೂ ಉಂಟು. ಕೋಲಾರದ ಚಿನ್ನದ ಗಣಿಗಳಲ್ಲಿ ವೈದ್ಯರು 1940ರ ದಶಕದಲ್ಲಿಯೇ ಈ ರೋಗವನ್ನು ಗುರುತಿಸಿದ್ದರು. ಬೆಣಚಿನ ಧೂಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಸಾರಿತು. 2013ರಲ್ಲಿ ಹೊರಗಿನ ವಾಯುಮಾಲಿನ್ಯವನ್ನೇ ಆ ಪಟ್ಟಿಗೆ ಸೇರಿಸಿತು.

ನೀರು ಹಾಯಿಸುತ್ತ ಕೊರೆದರೆ ಧೂಳಿನ ಬಹುಭಾಗ ಕೆಸರಾಗಿ ಇಳಿಯುತ್ತದೆ. ಅದಕ್ಕೆ ಬೇಕಾದುದು ನೀರು, ಜೊತೆಗೆ ಮಾಲೀಕನ ಮನಸ್ಸು. ಕೂಲಿಯವನು ಮೂಗಿಗೆ ಕಟ್ಟಿಕೊಂಡ ಟವಲು ಈ ಸೂಕ್ಷ್ಮ ಕಣಗಳನ್ನು ತಡೆಯಲಾರದು.