ಹೆಸರು ಓದಿದರೆ ಕೆಲಸ ತಿಳಿಯಬೇಕು

ನಮ್ಮ ತರಗತಿಯ ನಾಲ್ವರು ಸೇರಿ ಕ್ರೀಡಾಕೂಟದ ಫಲಿತಾಂಶಕ್ಕೆಂದು ಲ್ಯಾಬ್‌ನಲ್ಲಿ ಒಂದು ವೆಬ್ ಪುಟ ಮಾಡಿದ್ದೆವು. ಮೇಲೆ ಹಸಿರು ಪಟ್ಟಿ, ಎಡಕ್ಕೆ ಮೆನು, ನಡುವೆ ಗೆದ್ದವರ ಪಟ್ಟಿ. ನೋಡಿದವರೆಲ್ಲ ಚೆನ್ನಾಗಿದೆ ಎಂದರು. ಪೆನ್‌ಡ್ರೈವ್‌ನಲ್ಲಿ ಮನೆಗೆ ತಂದು ದೊಡ್ಡಪ್ಪನ ಮಗನಿಗೂ ಕೊಟ್ಟೆ. ಅಣ್ಣನಿಗೆ ಕಣ್ಣು ಕಾಣುವುದಿಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದಿಂದ ಲ್ಯಾಪ್‌ಟಾಪ್ ಬಳಸುತ್ತಾನೆ. ಎರಡು ನಿಮಿಷ ಕೇಳಿಸಿಕೊಂಡು, "ಏನೋ ಇದು, ಎಲ್ಲಾ ಒಂದೇ ಗುಡ್ಡೆ ಹಾಕಿದ್ದೀಯಲ್ಲ! ಮೆನು ಎಲ್ಲಿ ಮುಗೀತು, ವಿಷಯ ಎಲ್ಲಿ ಶುರುವಾಯ್ತು?" ಎಂದು ಕೇಳಿದ.

ತಪ್ಪು ನಮ್ಮದೇ. ಪುಟದ ಪ್ರತಿಯೊಂದು ಭಾಗಕ್ಕೂ ನಾವು 'ಡಿವ್' ಎಂಬ ಟ್ಯಾಗನ್ನೇ ಹಾಕಿದ್ದೆವು. ಡಿವ್ ಎಂದರೆ ಬರೀ 'ಒಂದು ಭಾಗ'. ಅದು ಏನು, ಯಾತಕ್ಕೆ ಎಂದು ಹೇಳುವುದಿಲ್ಲ. ಹೆಡರ್, ನ್ಯಾವ್, ಮೇನ್, ಫೂಟರ್ ಎಂಬ ಟ್ಯಾಗ್‌ಗಳನ್ನು ಬಳಸಿದ್ದರೆ ಅಣ್ಣ 'ಡಿ' ಕೀ ಒತ್ತಿ ಒಂದು ಭಾಗದಿಂದ ಇನ್ನೊಂದಕ್ಕೆ ಜಿಗಿಯಬಹುದಿತ್ತು. ಕಣ್ಣಿದ್ದವರಿಗೆ ಬಣ್ಣ ದಾರಿ ತೋರಿಸುತ್ತದೆ. ಅವನಿಗೆ ದಾರಿ ತೋರಿಸುವುದು ಟ್ಯಾಗ್.

ಅಂದಿನಿಂದ ನನಗೆ ಈ ಟ್ಯಾಗ್‌ಗಳ ಹೆಸರಿನ ಮೇಲೆಯೇ ಗಮನ. ಟಿಮ್ ಬರ್ನರ್ಸ್-ಲೀ ಅವರು ಸರ್ನ್ ಸಂಸ್ಥೆಯಲ್ಲಿದ್ದಾಗ 1991ರಲ್ಲಿ ಮಾಡಿದ ಮೊದಲ ಪಟ್ಟಿಯಲ್ಲಿ 'ಟೈಟಲ್' ಇತ್ತು, 'ಅಡ್ರೆಸ್' ಇತ್ತು. ಜೊತೆಗೆ 'ಎಚ್‌ಪಿ1', 'ಎಚ್‌ಪಿ2' ಎಂಬವೂ ಇದ್ದವು. ಎಚ್‌ಪಿ ಎಂದರೆ ಎದ್ದು ಕಾಣಬೇಕಾದ ಪದಗುಚ್ಛ ಎಂದು ಯಾರಾದರೂ ಹೇಳಿಕೊಟ್ಟರೆ ಮಾತ್ರ ಗೊತ್ತಾದೀತು. ಇಂದು ಅವು ಯಾರ ನೆನಪಿನಲ್ಲೂ ಇಲ್ಲ. ಟೈಟಲ್ ಈಗಲೂ ಪ್ರತಿ ಪುಟದ ತಲೆಯಲ್ಲಿದೆ.

ನನ್ನ ಅಭಿಪ್ರಾಯ ಇಷ್ಟು: ಟ್ಯಾಗಿನ ಹೆಸರು ಪೂರ್ತಿ ಪದವಾಗಿರಬೇಕು, ಮತ್ತು ಅದು ಹೇಗೆ ಕಾಣುತ್ತದೆ ಎನ್ನುವುದಕ್ಕಿಂತ ಏನು ಎನ್ನುವುದನ್ನು ಹೇಳಬೇಕು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನ್ನಂಥವರಿಗೆ 'ಪಿ', 'ಎ', 'ಯುಎಲ್' ಬರೀ ಅಕ್ಷರಗಳು, ಬಾಯಿಪಾಠ ಮಾಡಬೇಕು ಅಷ್ಟೆ. 'ಫೂಟರ್' ಆದರೆ ನಿಘಂಟಿನಲ್ಲಿ ಹುಡುಕಬಹುದು. ಟೈಪ್ ಮಾಡಲು ಚಿಕ್ಕದೇ ಒಳ್ಳೆಯದು ಎಂದು ಗೆಳೆಯರು ವಾದಿಸುತ್ತಾರೆ. ಬರೆಯುವುದು ಒಮ್ಮೆ, ಓದುವುದು ನೂರು ಸಲ ಅಲ್ಲವೇ?

ಹೊಸ ಹೆಸರುಗಳು ಎಲ್ಲಿಂದ ಬಂದವು ಎಂಬುದೂ ಸ್ವಾರಸ್ಯಕರ. 2005ರ ಸುಮಾರಿಗೆ ಗೂಗಲ್‌ನಲ್ಲಿದ್ದ ಇಯಾನ್ ಹಿಕ್ಸನ್ ನೂರು ಕೋಟಿಗೂ ಮಿಕ್ಕ ವೆಬ್ ಪುಟಗಳನ್ನು ಪರಿಶೀಲಿಸಿ, ಜನ ತಮ್ಮ ಪುಟದ ಭಾಗಗಳಿಗೆ ಸ್ವತಃ ಯಾವ ಹೆಸರು ಇಟ್ಟುಕೊಂಡಿದ್ದಾರೆ ಎಂದು ಎಣಿಸಿದರು. ಫೂಟರ್, ಹೆಡರ್, ನ್ಯಾವ್ ಎಲ್ಲವೂ ಆ ಪಟ್ಟಿಯಲ್ಲಿದ್ದವು. 2014ರಲ್ಲಿ ಅಂತಿಮ ಶಿಫಾರಸಾಗಿ ಹೊರಬಂದ ಎಚ್‌ಟಿಎಂಎಲ್5ರಲ್ಲಿ ಅವೇ ಟ್ಯಾಗ್‌ಗಳಾದವು. ಜನರ ಬಾಯಲ್ಲಿರುವ ಪದವನ್ನೇ ಎತ್ತಿಕೊಳ್ಳುವ ಈ ಕ್ರಮ ನನಗೆ ಬಹಳ ಹಿಡಿಸಿತು. ('ನ್ಯಾವ್' ಅನ್ನೂ ಪೂರ್ತಿ ಬರೆದಿದ್ದರೆ ಇನ್ನೂ ಹಿಡಿಸುತ್ತಿತ್ತು.)

ಆದರೆ ಪೂರ್ತಿ ಪದ ಇಟ್ಟ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ. ನಮ್ಮ ಪುಟದಲ್ಲಿ ಮೈದಾನದ ವಿಳಾಸಕ್ಕೆ ನಾನು 'ಅಡ್ರೆಸ್' ಟ್ಯಾಗ್ ಹಾಕಿದ್ದೆ. ಅದೂ ತಪ್ಪಂತೆ! ಆ ಪುಟ ಅಥವಾ ಲೇಖನಕ್ಕೆ ಸಂಬಂಧಪಟ್ಟವರನ್ನು ಸಂಪರ್ಕಿಸುವ ವಿವರಕ್ಕೆ ಮಾತ್ರ ಅದು. ಯಾವುದೋ ಊರಿನ ಅಂಚೆ ವಿಳಾಸಕ್ಕಲ್ಲ. 'ಸೆಕ್ಷನ್' ಯಾವಾಗ, 'ಆರ್ಟಿಕಲ್' ಯಾವಾಗ ಎಂಬ ಗೊಂದಲವೂ ಹಾಗೆಯೇ. ಗೊತ್ತಿರುವ ಪದಕ್ಕೆ ಗೊತ್ತಿಲ್ಲದ ಅರ್ಥ ಕೊಟ್ಟರೆ ಅದು ಎಚ್‌ಪಿ1ಕ್ಕಿಂತಲೂ ಕೆಟ್ಟದ್ದು. ಏಕೆಂದರೆ ಎಚ್‌ಪಿ1 ಕಂಡರೆ ಯಾರನ್ನಾದರೂ ಕೇಳುತ್ತೇವೆ, ಅಡ್ರೆಸ್ ಕಂಡರೆ ಕೇಳುವುದೇ ಇಲ್ಲ.

ತಪ್ಪಾದರೆ ಬದಲಿಸಬಹುದಲ್ಲ ಎನ್ನಬಹುದು. ಆಗುವುದಿಲ್ಲ, ಹಳೆಯ ಪುಟಗಳು ಕೆಡುತ್ತವೆ. ಚಿತ್ರಕ್ಕೆ 'ಇಮ್‌ಜಿ' ಎಂಬ ಹೆಸರನ್ನು ಮಾರ್ಕ್ ಆಂಡ್ರೀಸನ್ ಸೂಚಿಸಿದ್ದು 1993ರಲ್ಲಿ. ಇಂದಿಗೂ ಅದೇ. 'ಇಮೇಜ್' ಎಂದು ಪೂರ್ತಿ ಬರೆದರೆ ಬ್ರೌಸರ್ ಅದನ್ನು ಸದ್ದಿಲ್ಲದೆ ಇಮ್‌ಜಿ ಎಂದೇ ಓದಿಕೊಳ್ಳಬೇಕೆಂದು ಮಾನದಂಡದಲ್ಲಿ ನಿಯಮವಿದೆ. ಯಾಕೆಂದು ಕೇಳಬೇಡಿ ಎಂಬ ಅರ್ಥದ ಮಾತೂ ಅಲ್ಲೇ ಇದೆ! ಹೆಸರಿಡುವಾಗಲೇ ನಾಲ್ಕು ಜನರನ್ನು ಕೇಳಿ ಇಡಬೇಕು ಎಂದು ನಾನು ಹೇಳುವುದು ಇದಕ್ಕೇ. ಆ ನಾಲ್ವರಲ್ಲಿ ಒಬ್ಬರು ಅಣ್ಣನಂತೆ ಕಿವಿಯಿಂದ ಓದುವವರಿರಲಿ, ಇನ್ನೊಬ್ಬರು ಇಂಗ್ಲಿಷ್ ಮನೆಮಾತಲ್ಲದವರಿರಲಿ.

ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ಈಗ ಔಟ್‌ಪುಟ್ ಹೇಗೆ ಕಾಣುತ್ತದೆ ಎಂಬುದಕ್ಕೇ ಬಹುಪಾಲು ಅಂಕ. ಸರಿಯಾದ ಟ್ಯಾಗ್ ಆರಿಸಿದ್ದಕ್ಕೂ ಎರಡು ಅಂಕ ಇಡಬಾರದೇ ಎಂದು ಮೇಡಂ ಅವರಲ್ಲಿ ನನ್ನ ಕೋರಿಕೆ.

ಪುಟವನ್ನು ತಿದ್ದಿ ಮೊನ್ನೆ ಅಣ್ಣನಿಗೆ ಮತ್ತೆ ಕೊಟ್ಟೆ. ಮೆನು ದಾಟಿ ನೇರ ಫಲಿತಾಂಶಕ್ಕೆ ಬಂದ, ಮುಖದಲ್ಲಿ ನಗು. ಆಮೇಲೆ ಕೋಷ್ಟಕದೊಳಗೆ ಹೋಗಿ, "ಐದು ಪಾಯಿಂಟ್ ಎರಡು ಅಂತಿದೆ. ಉದ್ದ ಜಿಗಿತವೋ, ಗುಂಡು ಎಸೆತವೋ?" ಎಂದ. ಕಾಲಂಗಳ ತಲೆಬರಹಕ್ಕೆ 'ಟಿಎಚ್' ಹಾಕುವ ಬದಲು ಅಕ್ಷರ ದಪ್ಪ ಮಾಡಿ ಬಿಟ್ಟಿದ್ದೆವು. ಮುಂದಿನ ಲ್ಯಾಬ್‌ನಲ್ಲಿ ಅದನ್ನು ಸರಿಮಾಡಬೇಕು.