ಹರಿಹರದ ಹೊಳೆದಂಡೆ: ಮನೆ ಕಾಯುವುದೋ, ಜಾಗ ಬಿಡುವುದೋ?

ಚಂಡಮಾರುತದ ಭಯ ಕರಾವಳಿಯದು. 2021ರ ಮೇ ತಿಂಗಳಲ್ಲಿ ತೌತೆ ಬಂದಾಗ ಅಲ್ಲಿನವರು ಅದನ್ನು ಕಂಡರು. ದಾವಣಗೆರೆ ಜಿಲ್ಲೆಯ ಮನೆಗಳಿಗೆ ಕುತ್ತು ಬರುವುದು ಮಲೆನಾಡಿನ ಮಳೆಯಿಂದ. ಶೃಂಗೇರಿ, ತೀರ್ಥಹಳ್ಳಿಗಳಲ್ಲಿ ಬಿಡದೆ ಸುರಿದರೆ ಗಾಜನೂರಿನ ತುಂಗಾ ಜಲಾಶಯ ಅದನ್ನು ಹಿಡಿದಿಡಲಾರದು. ಅದರ ಸಾಮರ್ಥ್ಯ 3.24 ಟಿಎಂಸಿ ಅಡಿ ಮಾತ್ರ. 71 ಟಿಎಂಸಿ ಅಡಿ ಮೀರಿದ ಭದ್ರಾ ಜಲಾಶಯ ಕೆಲಕಾಲ ತಾಳಿಕೊಳ್ಳುತ್ತದೆ. ಅದೂ ತುಂಬಿದರೆ ಎರಡೂ ನದಿಗಳ ನೀರು ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿ ದಾಟಿ ಹರಿಹರಕ್ಕೆ ಬರುತ್ತದೆ. ಆಗ ಅಲ್ಲಿನ ಗಂಗಾನಗರದಂಥ ತಗ್ಗು ಪ್ರದೇಶದ ಕುಟುಂಬಗಳು ಕಾಳಜಿ ಕೇಂದ್ರ ಸೇರಬೇಕಾಗುತ್ತದೆ. ಅವರನ್ನು ಶಾಶ್ವತವಾಗಿ ಬೇರೆಡೆಗೆ ಕಳಿಸಬೇಕೇ, ಇದ್ದಲ್ಲೇ ರಕ್ಷಣೆ ಕೊಡಬೇಕೇ?

ಸ್ಥಳಾಂತರ ಬೇಕೆನ್ನುವವರ ವಾದ ಗಟ್ಟಿಯಾಗಿದೆ. ನೆರೆಗೆ ಮುನ್ಸೂಚನೆ ಇರುತ್ತದೆ. ಶಿವಮೊಗ್ಗದ ಆಚೆಯ ಮಳೆನೀರು ಹರಿಹರ ಮುಟ್ಟಲು ಸಾಕಷ್ಟು ಹೊತ್ತು ಬೇಕು. ಹೀಗಾಗಿ ಜೀವ ಉಳಿಯುತ್ತದೆ, ಮನೆ ಉಳಿಯುವುದಿಲ್ಲ. ಮಣ್ಣಿನ ಗೋಡೆ ನೀರಿನಲ್ಲಿ ನೆನೆದು, ನೆರೆ ಇಳಿದ ಮೇಲೆ ಕುಸಿಯುವುದೂ ಉಂಟು. 2019ರ ನೆರೆಯ ನಂತರ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಅಂಥ ಹಣವನ್ನು ಮತ್ತೆ ಅದೇ ತಗ್ಗಿನಲ್ಲಿ ಹೂಡುವುದು ಎಷ್ಟು ಸರಿ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಆದರೆ ಹೊಳೆಯಿಂದ ಹದಿನಾಲ್ಕು ಕಿಲೋಮೀಟರ್ ದೂರದ ದಾವಣಗೆರೆಯ ವಿದ್ಯಾನಗರದಲ್ಲಿ ಕೂತು ಹೀಗೆ ಹೇಳುವುದು ಸುಲಭ. 2009ರ ನೆರೆಯ ಬಳಿಕ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ಕಟ್ಟಿದ ಎಷ್ಟೋ ಮನೆಗಳು ಖಾಲಿ ಉಳಿದವು. ಹೊಲ ದೂರವಾಯಿತು, ದನ ಕಟ್ಟಲು ಜಾಗವಿರಲಿಲ್ಲ, ಒಟ್ಟು ಕುಟುಂಬಕ್ಕೆ ಮನೆ ಇಕ್ಕಟ್ಟಾಯಿತು. ಪಟ್ಟಣದ ಬಡವರಿಗೂ ಹೀಗೆಯೇ. ಬೆಳಗ್ಗೆ ನಡೆದು ಹೋಗಿ ಕೂಲಿ ಹಿಡಿಯುವವರಿಗೆ ಊರಾಚೆಯ ನಿವೇಶನವೆಂದರೆ ನಿತ್ಯದ ಬಸ್ ಖರ್ಚು. ಹೊಳೆ ಏರುವುದು ವರ್ಷದ ಕೆಲವು ದಿನ. ಅನ್ನ ಹುಡುಕುವುದು ದಿನವೂ ಇದೆ. ಅಪಾಯ ಗೊತ್ತಿದ್ದೂ ಉಳಿಯುವವರನ್ನು ಹಟಮಾರಿಗಳೆನ್ನುವುದು ಅನ್ಯಾಯ.

ಹಾಗಾದರೆ ತಡೆಗೋಡೆ? ಪ್ರತಿವರ್ಷದ ಸಣ್ಣ ನೆರೆಯನ್ನು ಅದು ತಡೆದೀತು. ಆದರೆ ಒಂದು ದಡದಲ್ಲಿ ಗೋಡೆ ಎತ್ತಿದರೆ ನೀರು ಎದುರು ದಡದ ರಾಣೆಬೆನ್ನೂರು ತಾಲ್ಲೂಕಿನ ಹೊಲಗಳತ್ತ ನುಗ್ಗಬಹುದು. ಊರಿನ ಚರಂಡಿ ನೀರು ಗೋಡೆಯ ಒಳಗೇ ನಿಲ್ಲುವುದರಿಂದ ಗೇಟು, ಪಂಪು, ಅವನ್ನು ನೋಡಿಕೊಳ್ಳುವವರು ಬೇಕು. ಗೋಡೆಯನ್ನು ನಂಬಿ ಇನ್ನಷ್ಟು ಮನೆಗಳು ಎದ್ದರೆ, ಅದು ಒಡೆದ ದಿನ ನಷ್ಟ ಇನ್ನೂ ದೊಡ್ಡದು. ಇದಕ್ಕೆ ಹೋಲಿಸಿದರೆ ಸೈಜುಗಲ್ಲಿನ ಪಾಯವನ್ನು ನೆರೆಯ ಮಟ್ಟಕ್ಕಿಂತ ಮೇಲೆತ್ತುವುದು, ಮಣ್ಣಿನ ಬದಲು ಸಿಮೆಂಟಿನ ಗೋಡೆ ಕಟ್ಟುವುದು, ಕಾಳು ಕಡಿ ಮತ್ತು ಕಾಗದಪತ್ರಗಳಿಗೆ ಅಟ್ಟ ಮಾಡುವುದು ಕಡಿಮೆ ಖರ್ಚಿನವು. ತೀರ ತಗ್ಗಿನ ಮನೆಗೆ ಮಾತ್ರ ಇವೂ ಸಾಲವು.

ಎರಡೂ ಕಡೆಯ ಮಾತು ತೂಗಿ ನೋಡಿದರೆ, ಇಡೀ ಬಡಾವಣೆಗೆ ಒಂದೇ ತೀರ್ಪು ಹೊಂದುವುದಿಲ್ಲ ಎನಿಸುತ್ತದೆ. 2019ರಲ್ಲಿ ನೀರು ಏರಿದ ಮಟ್ಟವನ್ನು ಬೀದಿಬೀದಿಯಲ್ಲಿ ಗುರುತಿಸಿ, ಹೊಳೆಗೆ ತೀರ ಹತ್ತಿರದ ಸಾಲುಗಳಿಗೆ ಹರಿಹರದೊಳಗೇ ನಿವೇಶನ ಕೊಡುವುದು, ಉಳಿದವರಿಗೆ ಪಾಯ ಎತ್ತರಿಸಲು ಸಹಾಯಧನ ಕೊಡುವುದು ಬಹುಶಃ ಹೆಚ್ಚು ನ್ಯಾಯವಾದ ದಾರಿ. ಆದರೆ ಹಕ್ಕುಪತ್ರ ಕೈಸೇರುವ ಮುನ್ನ ಯಾವ ಮನೆಯನ್ನೂ ಖಾಲಿ ಮಾಡಿಸಬಾರದು. ಖಾಲಿಯಾದ ಜಾಗದಲ್ಲಿ ಮತ್ತೊಂದು ಮನೆ ಏಳಲು ನಗರಸಭೆ ಬಿಡಬಾರದು.