ಮನೆಯ ತೆರೆ, ಕಾವಲಿಲ್ಲದ ಬಾಗಿಲು

ಓದುಗ ಬಂಧುಗಳಿಂದ ಈಚಿನ ತಿಂಗಳುಗಳಲ್ಲಿ ನಮಗೆ ಬರುತ್ತಿರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಮನೆಗೆ ಸ್ಮಾರ್ಟ್ ಟಿವಿ ತಂದಿದ್ದೇವೆ. ಅದರಲ್ಲಿ ಬ್ರೌಸರ್ ಎಂಬುದೊಂದಿದೆ. ಅದನ್ನು ತೆರೆದರೆ ಹಳೆಯ ಕನ್ನಡ ಚಲನಚಿತ್ರಗಳನ್ನು ಹಣವಿಲ್ಲದೆ ನೋಡಬಹುದೆಂದು ಮಕ್ಕಳು ಹೇಳುತ್ತಾರೆ. ಆದರೆ ಕೆಲವು ಬರುತ್ತವೆ, ಕೆಲವು ಬರುವುದಿಲ್ಲ, ಕೆಲವೊಮ್ಮೆ ಬರಬಾರದುದೆಲ್ಲ ಬರುತ್ತದೆ. ಇದಕ್ಕೆ ಕಾರಣವೇನು, ನೋಡುವುದು ಸರಿಯೋ ತಪ್ಪೋ ಎಂಬುದು ಆ ಪ್ರಶ್ನೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿದ ನಮ್ಮಂಥವರಿಗೆ ಈ ಗೊಡವೆ ಏಕೆಂದು ಕೆಲವರು ನಗಬಹುದು. ಮನೆಯ ಹಿರಿಯರು ಸಂಜೆಯ ಹೊತ್ತು ಯಾವುದರ ಮುಂದೆ ಕುಳಿತಿರುತ್ತಾರೆ ಎಂಬುದು ಕುಟುಂಬದ ವಿಚಾರವಾದುದರಿಂದ ಅದು ಈ ಪುಟದ ವಿಚಾರವೂ ಹೌದು. ಬಲ್ಲವರಾದ ಯುವಕರಿಂದ ಕೇಳಿ ತಿಳಿದು, ನಾವೇ ಕುಳಿತು ಪರೀಕ್ಷಿಸಿ ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ಒಂದು ವ್ಯತ್ಯಾಸವನ್ನು ಅರಿಯಬೇಕು. ಸ್ಮಾರ್ಟ್ ಟಿವಿಯಲ್ಲಿ ಚಿತ್ರ ನೋಡಲು ಎರಡು ದಾರಿಗಳಿವೆ. ಒಂದು, ಆಯಾ ಸಂಸ್ಥೆಯವರೇ ಸಿದ್ಧಪಡಿಸಿ ಕೊಟ್ಟಿರುವ ಆ್ಯಪ್. ಇನ್ನೊಂದು, ಅಂತರ್ಜಾಲದ ಯಾವ ತಾಣವನ್ನಾದರೂ ತೆರೆದು ತೋರಿಸುವ ಬ್ರೌಸರ್. ಆ್ಯಪ್ ಎಂಬುದು ದ್ವಾರಪಾಲಕನಿರುವ ಬಾಗಿಲು. ಟಿವಿ ತಯಾರಿಸಿದವರು ಪರಿಶೀಲಿಸಿದ ಮೇಲೆಯೇ ಅದಕ್ಕೆ ಒಳಗೆ ಪ್ರವೇಶ. ಬ್ರೌಸರಿಗೆ ಅಂತಹ ಕಾವಲಿಲ್ಲ. ವಿಳಾಸವೊಂದನ್ನು ಒತ್ತಿದರೆ ಸಾಕು, ವಿಶ್ವವಿದ್ಯಾಲಯದ ಗ್ರಂಥಾಲಯವೂ ತೆರೆಯುತ್ತದೆ, ಕಳ್ಳಸಂತೆಯೂ ತೆರೆಯುತ್ತದೆ.

ಹಣ ಕೊಟ್ಟು ಸದಸ್ಯರಾದ ತಾಣದ ಚಿತ್ರವೂ ಟಿವಿಯ ಬ್ರೌಸರಿನಲ್ಲಿ ಏಕೆ ಬರುವುದಿಲ್ಲವೆಂದು ಹಲವರು ಬೇಸರಪಟ್ಟಿದ್ದಾರೆ. ಕಾರಣ ಹೀಗಿದೆ. ಚಿತ್ರಗಳನ್ನು ಅಂತರ್ಜಾಲದಲ್ಲಿ ಕಳುಹಿಸುವ ದೊಡ್ಡ ಸಂಸ್ಥೆಗಳು ಅವನ್ನು ಗೂಢಲಿಪಿಯ ಬೀಗ ಹಾಕಿ ಕಳುಹಿಸುತ್ತವೆ. ಆ ಬೀಗ ತೆರೆಯುವ ಕೀಲಿಯನ್ನು ಬ್ರೌಸರುಗಳು ಯಾವ ರೀತಿ ಪಡೆಯಬೇಕೆಂಬ ನಿಯಮವು ೨೦೧೭ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಶಿಫಾರಸಾಗಿ ಅಂಗೀಕೃತವಾಯಿತು. ಕೀಲಿಯನ್ನು ಯಂತ್ರದ ಸಂಸ್ಕಾರಕದೊಳಗಿನ ರಕ್ಷಿತ ಭಾಗದಲ್ಲಿಯೇ ಬಳಸುವ ಸಾಧನಕ್ಕೆ ಪೂರ್ಣ ಸ್ಪಷ್ಟತೆಯ ಚಿತ್ರ ದೊರೆಯುತ್ತದೆ. ಆ ವ್ಯವಸ್ಥೆ ಇಲ್ಲದೆಡೆ ಹಲವು ಸಂಸ್ಥೆಗಳು ಮಸುಕು ಚಿತ್ರವನ್ನು ಮಾತ್ರ ಕೊಡುತ್ತವೆ, ಇಲ್ಲವೇ ಕೊಡುವುದೇ ಇಲ್ಲ. ಟಿವಿಯ ಆ್ಯಪ್‌ಗೆ ಆ ರಕ್ಷಿತ ಭಾಗದ ಬಳಕೆ ಉಂಟು. ಅದೇ ಟಿವಿಯ ಬ್ರೌಸರಿಗೆ ಅನೇಕ ಸಲ ಅದಿಲ್ಲ. ಹೀಗಾಗಿ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಚಿತ್ರವು ಒಂದು ದಾರಿಯಲ್ಲಿ ಬೆಳಗಿ, ಮತ್ತೊಂದು ದಾರಿಯಲ್ಲಿ ಕಪ್ಪುತೆರೆಯಾಗುತ್ತದೆ. ಟಿವಿ ಕೆಟ್ಟಿತೆಂದು ರಿಪೇರಿಯವನನ್ನು ಕರೆಸಬೇಕಾಗಿಲ್ಲ.

ಇದಕ್ಕಿಂತ ಹೆಚ್ಚಿನ ತೊಡಕು ಬ್ರೌಸರಿನ ವಯಸ್ಸಿನದು. ಕೈಯಲ್ಲಿರುವ ದೂರವಾಣಿಯ ಬ್ರೌಸರ್ ತಿಂಗಳು ತಿಂಗಳು ಹೊಸದಾಗುತ್ತದೆ. ಟಿವಿಯದು ಹಾಗಲ್ಲ, ಬಹುಪಾಲು ಟಿವಿಗಳಲ್ಲಿ ಅದು ತಯಾರಾದ ದಿನದಲ್ಲಿ ಇದ್ದಂತೆಯೇ ಇರುತ್ತದೆ. ಎಲ್‌ಜಿ ಸಂಸ್ಥೆಯ ೨೦೨೦ನೆಯ ವರ್ಷದ ಟಿವಿಗಳ ಬ್ರೌಸರ್ ಕ್ರೋಮಿಯಂ ಎಂಬ ಮೂಲ ತಂತ್ರಾಂಶದ ೬೮ನೆಯ ಆವೃತ್ತಿಯನ್ನು ಆಧರಿಸಿದೆ. ಆ ಆವೃತ್ತಿ ಹೊರಬಂದದ್ದು ೨೦೧೮ರಲ್ಲಿ. ಸ್ಯಾಮ್‌ಸಂಗ್ ಸಂಸ್ಥೆಯ ೨೦೨೧ರ ಟಿವಿಗಳದು ೭೬ನೆಯದು, ಅದು ೨೦೧೯ರದು. ಎಂದರೆ ಅಂಗಡಿಯಿಂದ ಮನೆಗೆ ಬರುವ ದಿನವೇ ಅದಕ್ಕೆ ಎರಡು ವರ್ಷದ ಮುಪ್ಪು. ಹೊಸ ಮಾದರಿಗಳಿಗೆ ಕೆಲವು ವರ್ಷಗಳವರೆಗೆ ನವೀಕರಣ ನೀಡುವ ಪದ್ಧತಿ ಈಚೆಗೆ ಆರಂಭವಾಗಿರುವುದು ಸ್ವಾಗತಾರ್ಹ. ಆದರೆ ನಮ್ಮ ಓದುಗರಲ್ಲಿ ಬಹುಜನರ ಮನೆಯಲ್ಲಿರುವುದು ಹಳೆಯ ಟಿವಿ; ಟಿವಿಯನ್ನು ಹತ್ತು ಹನ್ನೆರಡು ವರ್ಷ ಇಟ್ಟುಕೊಳ್ಳುವುದು ನಮ್ಮಲ್ಲಿ ವಾಡಿಕೆ, ಒಳ್ಳೆಯ ವಾಡಿಕೆಯೂ ಹೌದು.

ಈ ಮುಪ್ಪಿನ ಫಲವಾಗಿ ಕೆಲವು ತಾಣಗಳನ್ನು ತೆರೆದಾಗ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ತಾಣವು ತಾನು ಯಾರೆಂದು ತೋರಿಸುವ ಪ್ರಮಾಣಪತ್ರವನ್ನು ಟಿವಿ ತನ್ನಲ್ಲಿರುವ ಮೂಲ ಪ್ರಮಾಣಪತ್ರಗಳೊಡನೆ ಹೋಲಿಸುತ್ತದೆ. ಅಂತಹ ಬಹುಬಳಕೆಯ ಮೂಲ ಪ್ರಮಾಣಪತ್ರವೊಂದರ ಅವಧಿ ೨೦೨೧ರ ಸೆಪ್ಟೆಂಬರ್ ೩೦ರಂದು ಮುಗಿದಾಗ ಜಗತ್ತಿನ ಅನೇಕ ಹಳೆಯ ಸಾಧನಗಳಲ್ಲಿ ಸಜ್ಜನರ ತಾಣಗಳೂ ತೆರೆಯದಾದವು. ಕೆಲವೊಮ್ಮೆ ಕಾರಣ ಇನ್ನೂ ಸರಳ: ಟಿವಿಯ ಗಡಿಯಾರದಲ್ಲಿ ದಿನಾಂಕ ತಪ್ಪಿದ್ದರೂ ಇದೇ ಎಚ್ಚರಿಕೆ ಬರುತ್ತದೆ. ಮೊದಲು ಅದನ್ನು ಸರಿಪಡಿಸಿ ನೋಡತಕ್ಕದ್ದು. ಆ ಮೇಲೂ ಎಚ್ಚರಿಕೆ ಬಂದರೆ ಅದನ್ನು ದಾಟಿ ಮುಂದಕ್ಕೆ ಹೋಗಬಾರದು. ಆ ತಾಣದಲ್ಲಿ ಗುಪ್ತಪದವನ್ನಾಗಲಿ ಬ್ಯಾಂಕಿನ ವಿವರವನ್ನಾಗಲಿ ಕೊಡಲೇಬಾರದು.

ಇನ್ನು ಬಿಟ್ಟಿ ಚಿತ್ರಗಳ ವಿಷಯ. ಪತ್ರ ಬರೆದವರ ನಿಜವಾದ ಕಳವಳ ಇರುವುದು ಇಲ್ಲಿಯೇ.

ನಿನ್ನೆ ಮೊನ್ನೆ ಚಿತ್ರಮಂದಿರಕ್ಕೆ ಬಂದ ಚಿತ್ರವನ್ನು ಇಂದು ಉಚಿತವಾಗಿ ತೋರಿಸುತ್ತೇವೆ ಎನ್ನುವ ತಾಣಗಳು ಕಳ್ಳಪ್ರತಿಗಳ ತಾಣಗಳು. ಈ ಬಗ್ಗೆ ಸಂಶಯ ಬೇಡ. ಅವರು ಉದಾರಿಗಳೆಂದು ಭಾವಿಸುವುದು ಭ್ರಮೆ. ಅವರ ಸಂಪಾದನೆ ಜಾಹೀರಾತಿನದು. ಅದೂ ಮರ್ಯಾದಸ್ಥ ವ್ಯಾಪಾರಿಗಳು ಕೊಡುವ ಜಾಹೀರಾತಲ್ಲ. ಚಿತ್ರವನ್ನು ಆರಂಭಿಸುವ ಗುಂಡಿಯ ಮೇಲೆ ಕಣ್ಣಿಗೆ ಕಾಣದ ಪದರವೊಂದನ್ನು ಹಾಸಿರುತ್ತಾರೆ. ಮೊದಲ ಸಲ ಒತ್ತಿದಾಗ ಚಿತ್ರದ ಬದಲು ಜೂಜಿನ ತಾಣ ತೆರೆಯುತ್ತದೆ. ಹಿಂದಿರುಗಿ ಮತ್ತೆ ಒತ್ತಿದರೆ ಇನ್ನೊಂದು. ಮುಚ್ಚಲು ಮೂಲೆಯಲ್ಲಿ ಗುಣಿಸು ಚಿಹ್ನೆ ಇರುತ್ತದೆ. ಅದೂ ಚಿತ್ರಿಸಿದ ಸುಳ್ಳು ಚಿಹ್ನೆ, ಒತ್ತಿದರೆ ಮೂರನೆಯದು ತೆರೆಯುತ್ತದೆ. ಕಂಪ್ಯೂಟರಿನಲ್ಲಾದರೆ ಇಂತಹವನ್ನು ತಡೆಯುವ ಉಪಾಯಗಳುಂಟು. ಟಿವಿಯ ಬ್ರೌಸರಿನಲ್ಲಿ ಸಾಮಾನ್ಯವಾಗಿ ಅವು ಇಲ್ಲ. ಮೇಲಾಗಿ ಬಾಣದ ಗುಂಡಿಗಳನ್ನು ಒತ್ತೊತ್ತಿ ಚುಕ್ಕೆಯನ್ನು ತೆರೆಯ ಮೇಲೆ ಸರಿಸಬೇಕಾದ ಆ ಕಷ್ಟದಲ್ಲಿ, ಎಪ್ಪತ್ತು ದಾಟಿದವರ ಕಣ್ಣಿಗೂ ಬೆರಳಿಗೂ ಸರಿಯಾದ ಸ್ಥಳ ಸಿಗುವುದೇ ದುರ್ಲಭ. “ತಮ್ಮಾ, ಸಿನಿಮಾ ಎಲ್ಲೈತೋ? ಬರೇ ಏನೇನೋ ಬರಾಕತ್ತೈತಲ್ಲ!” ಎಂದು ಹಿರಿಯರೊಬ್ಬರು ಮೊಮ್ಮಗನನ್ನು ಕೂಗಿ ಕರೆದು, ತೆರೆಯ ಮೇಲಿನ ಚಿತ್ರಕ್ಕೆ ನಾಚಿ ಸೆರಗು ಮುಂದೆ ಹಿಡಿದುದನ್ನು ನಾವು ಬಲ್ಲೆವು. ಮನೆಮಂದಿ ಕೂಡಿ ಕುಳಿತ ಪಡಸಾಲೆಯಲ್ಲಿ ಇದು ಸಣ್ಣ ಅವಮಾನವಲ್ಲ.

ಅವಮಾನದಲ್ಲಿಯೇ ಮುಗಿದರೆ ಪುಣ್ಯ. ನಮಗೆ ಪರಿಚಿತವಾದ ಕುಟುಂಬವೊಂದರಲ್ಲಿ ಹೀಗೆಯೇ ಚಿತ್ರ ಹುಡುಕುತ್ತಿರುವಾಗ ತೆರೆ ಕೆಂಪಾಗಿ, ‘ನಿಮ್ಮ ಟಿವಿಗೆ ವೈರಸ್ ಹೊಕ್ಕಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಬರಹ ಮೂಡಿತು. ಮನೆಯ ಯಜಮಾನರು, ನಿವೃತ್ತ ಶಿಕ್ಷಕರು, ಕರೆ ಮಾಡಿದರು. ಅತ್ತ ಕಡೆಯವನು ಬಹು ವಿನಯದಿಂದ ಮಾತಾಡಿ, ಅವರ ದೂರವಾಣಿಯ ತೆರೆಯನ್ನು ತನಗೆ ತೋರಿಸುವ ಆ್ಯಪ್ ಒಂದನ್ನು ಹಾಕಿಸಿ, ಹತ್ತು ರೂಪಾಯಿ ಶುಲ್ಕ ಕಟ್ಟಿರೆಂದನು. ಅವರು ಹತ್ತು ರೂಪಾಯಿ ಕಟ್ಟುವಾಗ ಒತ್ತಿದ ಗುಪ್ತಸಂಖ್ಯೆ ಅವನಿಗೆ ಕಂಡಿತು. ಅರ್ಧ ಗಂಟೆಯೊಳಗೆ ಪಿಂಚಣಿ ಖಾತೆಯಿಂದ ೧೮,೦೦೦ ರೂಪಾಯಿ ಹೋಯಿತು. ಹಣ ಹೋದುದಕ್ಕಿಂತ, ಆ ದಿನದಿಂದ ಆ ಹಿರಿಯರು ರಿಮೋಟನ್ನು ಮುಟ್ಟಲು ಅಂಜುವಂತಾದುದು ನಮಗೆ ಹೆಚ್ಚು ನೋವಿನ ಸಂಗತಿ. ಟಿವಿ ಎಂದಿಗೂ ಯಾರಿಗೂ ಕರೆ ಮಾಡಿರೆಂದು ಹೇಳುವುದಿಲ್ಲ. ಅಂತಹ ಬರಹ ಬಂದರೆ ಅದರ ಯಾವ ಗುಂಡಿಯನ್ನೂ ಒತ್ತದೆ ರಿಮೋಟಿನ ಮನೆಯ ಚಿಹ್ನೆಯ ಗುಂಡಿಯನ್ನು ಒತ್ತಿ ಹೊರಬರಬೇಕು, ಆಮೇಲೆ ಬ್ರೌಸರಿನ ಚರಿತ್ರೆಯನ್ನು ಅಳಿಸಬೇಕು. ಹಣವೇ ಹೋಗಿದ್ದರೆ ನಾಚಿಕೆಪಟ್ಟು ಮುಚ್ಚಿಡದೆ ತಕ್ಷಣ ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸತಕ್ಕದ್ದು. ತಡವಾದಷ್ಟೂ ಆ ಹಣವನ್ನು ತಡೆಹಿಡಿಯುವ ಅವಕಾಶ ಕಡಿಮೆ.

ಕಾನೂನಿನ ಮಾತನ್ನೂ ಹೇಳಬೇಕು. ೨೦೨೩ರ ಚಲನಚಿತ್ರ ತಿದ್ದುಪಡಿ ಕಾಯಿದೆಯು ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸುವವರಿಗೆ ಕನಿಷ್ಠ ಮೂರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸವನ್ನೂ, ಮೂರು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡವನ್ನೂ ವಿಧಿಸಿದೆ. ದಂಡವು ಚಿತ್ರದ ಒಟ್ಟು ನಿರ್ಮಾಣ ವೆಚ್ಚದ ನೂರಕ್ಕೆ ಐದರವರೆಗೂ ಏರಬಹುದು. ಮನೆಯಲ್ಲಿ ಕುಳಿತು ನೋಡುವವನನ್ನು ಪೊಲೀಸರು ಹುಡುಕಿಕೊಂಡು ಬರುವುದಿಲ್ಲವೆಂದು ಹುಡುಗರು ವಾದಿಸುತ್ತಾರೆ. ಇರಬಹುದು. ಆದರೆ ದೀಪ ಹಿಡಿದವನು, ಬಣ್ಣ ಹಚ್ಚಿದವನು, ಹಿನ್ನೆಲೆಯಲ್ಲಿ ಪಿಟೀಲು ನುಡಿಸಿದವನು, ಇವರೆಲ್ಲರ ದುಡಿಮೆಯ ಫಲವನ್ನು ನಡುದಾರಿಯಲ್ಲಿ ಕಸಿದವನ ಅಂಗಡಿಗೆ ನಾವು ಗಿರಾಕಿಗಳಾಗುವುದು ಕಾಯಕದ ಮಾತನ್ನಾಡುವ ಮನೆಗಳಿಗೆ ಒಪ್ಪುವುದಿಲ್ಲ. ಇಷ್ಟು ಹೇಳಿ ಮುಂದೆ ಹೋಗುತ್ತೇವೆ.

ಹಾಗಾದರೆ ಉಚಿತವಾದುದೆಲ್ಲ ಕಳವಿನದೇ? ಇಲ್ಲ. ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಕಾಯಿದೆಯಂತೆ ಚಲನಚಿತ್ರದ ಹಕ್ಕು ಅದು ಪ್ರಕಟವಾದ ವರ್ಷದ ಮರುವರ್ಷದ ಆರಂಭದಿಂದ ೬೦ ವರ್ಷ ಉಳಿಯುತ್ತದೆ. ೧೯೫೯ರಲ್ಲಿ ಬಂದ ‘ಜಗಜ್ಯೋತಿ ಬಸವೇಶ್ವರ’ದ ಹಕ್ಕು ಈ ಲೆಕ್ಕದಲ್ಲಿ ೨೦೧೯ರ ಕೊನೆಯ ದಿನಕ್ಕೆ ಮುಗಿಯಿತು, ೧೯೬೦ರ ‘ರಣಧೀರ ಕಂಠೀರವ’ದ್ದು ೨೦೨೦ರ ಕೊನೆಗೆ. ಕಥೆಗೂ ಹಾಡಿಗೂ ಬೇರೆ ಹಕ್ಕುಗಳು ಉಳಿದಿರಬಹುದೆಂಬುದು ನಿಜ. ಆದರೆ ಇಂತಹ ಚಿತ್ರವನ್ನು ಮನೆಯಲ್ಲಿ ಕುಳಿತು ನೋಡುವ ಅಜ್ಜಿಗೆ ಅಳುಕು ಬೇಡ. ಹಕ್ಕು ಇನ್ನೂ ಉಳಿದಿರುವ ಹಳೆಯ ಚಿತ್ರಗಳಲ್ಲಿಯೂ ಅನೇಕವನ್ನು ಹಕ್ಕುದಾರರೇ ಯೂಟ್ಯೂಬಿನಲ್ಲಿ ಇಟ್ಟಿದ್ದಾರೆ. ಅದಕ್ಕೆ ಬ್ರೌಸರ್ ಬೇಡ, ಟಿವಿಯಲ್ಲಿರುವ ಆ್ಯಪ್ ಸಾಕು. ಬ್ರೌಸರಿನ ನಿಜವಾದ ಉಪಯೋಗ ಆ್ಯಪ್ ಇಲ್ಲದ ಭಂಡಾರಗಳಿಗೆ. ೧೯೯೬ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಇಂಟರ್ನೆಟ್ ಆರ್ಕೈವ್ ಎಂಬ ಗ್ರಂಥಾಲಯ ಅಂತಹದು. ಅಲ್ಲಿ ಯಾರು ಬೇಕಾದರೂ ಏನನ್ನಾದರೂ ತಂದಿಡಬಹುದಾದ ಕಾರಣ, ಅಲ್ಲಿರುವುದೆಲ್ಲ ನ್ಯಾಯವೆಂದು ತಿಳಿಯಬಾರದು. ಚಿತ್ರದ ವರ್ಷವನ್ನು ನೋಡಿ ಲೆಕ್ಕ ಹಾಕಬೇಕು.

ಹಳೆಯ ಚಿತ್ರಗಳ ಬಗ್ಗೆ ನಾವು ಇಷ್ಟು ಹೇಳುವುದಕ್ಕೆ ಕಾರಣವಿದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ತಾಳೆಗರಿಯನ್ನು ಸಾವಿರ ವರ್ಷ ಕಾಪಾಡಿದ ನಾಡು ತೊಂಬತ್ತು ವರ್ಷದ ಹಿಂದಿನ ಚಿತ್ರವನ್ನು ಕಳೆದುಕೊಂಡಿತು. ಇನ್ನೊಂದು ಕಡೆ, ಗಿರೀಶ ಕಾಸರವಳ್ಳಿಯವರ ೧೯೭೭ರ ‘ಘಟಶ್ರಾದ್ಧ’ವನ್ನು ಪರಿಣತರು ಶ್ರಮಪಟ್ಟು ಪುನರುದ್ಧಾರ ಮಾಡಿದರು, ೨೦೨೪ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ಬೆಳಕು ಕಂಡಿತು. ಇಂತಹ ಕೆಲಸಕ್ಕೆ ಹಣ ಬೇಕು. ನೇರ ದಾರಿಯಲ್ಲಿ ನೋಡುವ ಜನರಿದ್ದಾರೆಂದು ಗೊತ್ತಾದರೆ ಉಳಿದ ಹಳೆಯ ಸುರುಳಿಗಳನ್ನೂ ಪೆಟ್ಟಿಗೆಯಿಂದ ಹೊರತೆಗೆಯುವವರು ಸಿಗುತ್ತಾರೆ.

ಖರ್ಚಿನ ಲೆಕ್ಕವನ್ನೂ ಒಮ್ಮೆ ನೋಡಬೇಕು. ಹಳ್ಳಿಯ ಮನೆಗಳಲ್ಲಿ ದೂರವಾಣಿಯ ಹಾಟ್‌ಸ್ಪಾಟಿನಿಂದಲೇ ಟಿವಿಗೆ ಅಂತರ್ಜಾಲ ಕೊಡುವುದುಂಟು. ಅಧಿಕ ಸ್ಪಷ್ಟತೆಯ ಚಿತ್ರ ಗಂಟೆಗೆ ೩ ಜಿಬಿಯವರೆಗೆ ನುಂಗಬಲ್ಲದು. ಎರಡೂವರೆ ಗಂಟೆಯ ಚಿತ್ರಕ್ಕೆ ದಿನಕ್ಕೆ ಒಂದೂವರೆ, ಎರಡು ಜಿಬಿಯ ಪ್ಯಾಕ್ ಮಧ್ಯಂತರಕ್ಕೂ ಸಾಲದು. ಹಳೆಯ ಕಪ್ಪುಬಿಳುಪು ಚಿತ್ರಗಳು ಅಂತರ್ಜಾಲದಲ್ಲಿ ಇರುವುದೇ ಹೆಚ್ಚಾಗಿ ಕಡಿಮೆ ಸ್ಪಷ್ಟತೆಯಲ್ಲಿ. ಅವಕ್ಕೆ ಸ್ಪಷ್ಟತೆಯನ್ನು ೪೮೦ಕ್ಕೆ ಇಳಿಸಿಟ್ಟರೆ ನೋಟಕ್ಕೆ ಕೊರತೆಯಾಗದು, ಪ್ಯಾಕೂ ಉಳಿಯುತ್ತದೆ.

ಇಷ್ಟೆಲ್ಲ ಪರೀಕ್ಷಿಸಿದ ಮೇಲೆ ನಮಗೆ ಒಪ್ಪಿಗೆಯಾದ ವ್ಯವಸ್ಥೆ ಬೇರೆಯೇ. ಮನೆಯಲ್ಲಿ ಮಗನದೋ ಮಗಳದೋ ಲ್ಯಾಪ್‌ಟಾಪ್ ಇದ್ದರೆ ಎಚ್‌ಡಿಎಂಐ ಎಂಬ ತಂತಿಯೊಂದನ್ನು ತಂದು ಅದನ್ನು ಟಿವಿಗೆ ಜೋಡಿಸಬೇಕು. ಬ್ರೌಸರ್ ಲ್ಯಾಪ್‌ಟಾಪಿನದು, ತೆರೆ ಮಾತ್ರ ಟಿವಿಯದು. ಬ್ರೌಸರ್ ಹೊಸದಾಗಿರುತ್ತದೆ, ಜಾಹೀರಾತಿನ ತಡೆ ಇರುತ್ತದೆ, ಅಕ್ಷರ ಒತ್ತುವ ಕಷ್ಟ ತಪ್ಪುತ್ತದೆ. ಲ್ಯಾಪ್‌ಟಾಪ್ ಇಲ್ಲದ ಮನೆಯಲ್ಲಿ ಟಿವಿಯ ಬ್ರೌಸರನ್ನೇ ಬಳಸುವುದಾದರೆ, ಕಿರಿಯರು ಒಂದು ಭಾನುವಾರ ಅರ್ಧ ಗಂಟೆ ಕುಳಿತು ಎರಡು ಮೂರು ಒಳ್ಳೆಯ ತಾಣಗಳನ್ನು ಬುಕ್‌ಮಾರ್ಕ್ ಮಾಡಿ, ಬ್ರೌಸರ್ ತೆರೆದೊಡನೆ ಅವೇ ಕಾಣುವಂತೆ ಮಾಡಿಕೊಡಬೇಕು. ಸೆಟ್ಟಿಂಗ್ಸ್ ಭಾಗದಲ್ಲಿ ಪಾಪ್‌ಅಪ್ ತಡೆಯುವ ಆಯ್ಕೆ ಇದ್ದರೆ ಅದನ್ನು ಹಾಕಿಡಬೇಕು. ಬ್ಯಾಂಕಿನ ವಿವರವನ್ನು ಟಿವಿಯಲ್ಲಿ ಉಳಿಸಿಡಬಾರದು. ಅಜ್ಜಿಗೆ ತೋರಿಸಬೇಕಾದ ಗುಂಡಿಗಳು ಮೂರೇ: ಬಾಣ, ಸರಿ, ಮತ್ತು ಹೊರಬರುವ ಮನೆಯ ಚಿಹ್ನೆ. ಮೂರನೆಯದರ ಮೇಲೆ ಕೆಂಪು ನೇಲ್‌ಪಾಲಿಶಿನ ಚುಕ್ಕೆಯೊಂದನ್ನು ಇಟ್ಟರೆ ಕನ್ನಡಕ ಹುಡುಕುವ ಮೊದಲೇ ಬೆರಳು ಅಲ್ಲಿಗೆ ಹೋಗುತ್ತದೆ.